ಸಣ್ಣ ಗೊಬ್ನಿತ್

ಹೆಸರು ಕೈತಪ್ಪಿತು ಎಂಬ ಸುದ್ದಿ ಐಲೀಶ್‌ಗೆ ಸಿಕ್ಕಿದ್ದು ಮ್ಯಾಜ್ ಟ್ವೂಮಿಯ ಅಂಗಡಿಯಲ್ಲಿ, ಬೇಕನ್ ಮಾಂಸ ತೂಗಿಸಿಕೊಳ್ಳುತ್ತಿದ್ದಾಗ.

“ನಿಮ್ಮ ತಮ್ಮ ಫಿನೀನ್ ಮಗಳಿಗೆ ಹೆಸರು ಗೊತ್ತು ಮಾಡಿದ್ದಾರಂತಲ್ಲೇ,” ಎಂದಳು ಮ್ಯಾಜ್, ತಕ್ಕಡಿಯ ಮುಳ್ಳಿನ ಮೇಲೇ ಕಣ್ಣಿಟ್ಟು. “ಗೊಬ್ನಿತ್ ಅಂತೆ! ನಿಮ್ಮಮ್ಮನ ಹೆಸ್ರು. ಅವನ ಹೆಂಡ್ತಿ ಲೊರೇನು ಇಂಗ್ಲೆಂಡಿನೋಳು, ಯಾವ್ದೋ ಸಿನಿಮಾ ನಟಿ ಹೆಸ್ರು ಇಡ್ತಾಳೆ ಅಂದ್ಕೊಂಡಿದ್ವಿ ನಾವು. ನೋಡು, ಎಂಥ ಒಳ್ಳೆ ಬುದ್ಧಿ!”

“ಹೌದೌದು. ಒಳ್ಳೆ ಬುದ್ಧಿ.”

“ಇನ್ನೊಂದು ಚೂರು ಹಾಕ್ಲಾ?”

“ಬೇಡ, ಸಾಕು,” ಎಂದು ಐಲೀಶ್ ಹೊರಟೇಬಿಟ್ಟಳು. ಬೇಕನ್ನನ್ನು ಕೌಂಟರಿನ ಮೇಲೇ ಬಿಟ್ಟು ಬಂದದ್ದು ನೆನಪಾದದ್ದು ಮನೆಯ ಬಾಗಿಲು ತೆರೆದಾಗ.

ಇಂಗ್ಲೆಂಡಿನಿಂದ ಕಡಲಾಚೆಯ ಆ ಕಣಿವೆಯಲ್ಲಿ ಗೊಬ್ನಿತ್ ಎಂದರೆ ಬರೀ ಹೆಸರಲ್ಲ, ಊರನ್ನು ಕಾಯುವ ಸಂತಳು. ಜೇನುಹುಳುಗಳು ಅವಳ ಮಾತು ಕೇಳುತ್ತಿದ್ದವು ಎಂದು ನಂಬಿಕೆ. ಹೆಸರಿನ ಮೂಲ ಕಮ್ಮಾರಿಕೆಗೆ ಸಂಬಂಧಿಸಿದ್ದು ಎಂದು ಕೆಲವರು ಹೇಳುತ್ತಾರೆ; ಖಚಿತವಾಗಿ ಯಾರಿಗೂ ತಿಳಿಯದು. ಮನೆಗೊಬ್ಬಳು ಗೊಬ್ನಿತ್ ಇದ್ದ ಕಾಲದಲ್ಲೂ ಆ ಹೆಸರು ಊರಿನ ಸೇತುವೆ ದಾಟಿ ಹೋಗುತ್ತಿರಲಿಲ್ಲ. ಇಂಗ್ಲಿಷಿನ ಬಾಯಿಗೆ ಅದು ಒರಟು. ಹಾಗಾಗಿ ಪಾದ್ರಿಗಳೂ ಮೇಷ್ಟ್ರುಗಳೂ ಹಿಂದೆಯೇ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಒಬ್ಬಳು ಅಬಿಗೇಲ್ ಆಗುತ್ತಿದ್ದಳು, ಇನ್ನೊಬ್ಬಳು ಡೆಬೊರಾ. ಡೆಬೊರಾ ಯಾಕೆಂದರೆ ಯಹೂದಿಗಳ ಹಳೆಯ ಭಾಷೆಯಲ್ಲಿ ಅದಕ್ಕೆ ಜೇನುಹುಳು ಎಂದೇ ಅರ್ಥ. ಐಲೀಶಳ ತಾಯಿ ಒಲೆಯ ಮುಂದೆ ಗೊಬ್ನಿತ್, ಪಿಂಚಣಿ ಕೊಡುವ ಕಿಟಕಿಯ ಮುಂದೆ ಡೆಬೊರಾ. ಐಲೀಶಳ ಗಂಡ ಟೈಗ್ ಕೂಡ ಬ್ಯಾಂಕಿನಲ್ಲಿ ತಿಮೋತಿ. ಹೊರಗೆ ಹೋಗುವಾಗ ಕೋಟು ಹಾಕಿಕೊಂಡು, ಒಳಗೆ ಬಂದಾಗ ಮೊಳೆಗೆ ತೂಗುಹಾಕಿದಂತೆ. ಇದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಹೆಸರಿಡುವ ಕ್ರಮವೂ ಹಾಗೆಯೇ, ಯಾರೂ ಬರೆದಿಡದ, ಎಲ್ಲರಿಗೂ ಗೊತ್ತಿರುವ ನಿಯಮ. ಮೊದಲ ಗಂಡಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನದು. ಮೊದಲ ಹೆಣ್ಣಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಐಲೀಶ್ ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಹಾಲಿನಲ್ಲಿ ಕೊಬ್ಬೆಷ್ಟು, ಸೂಕ್ಷ್ಮಜೀವಿಗಳೆಷ್ಟು ಎಂದು ದಿನವಿಡೀ ನೋಡುವವಳು. ಕ್ರಮವೆಂದರೆ ಅವಳಿಗೆ ಪ್ರೀತಿ. ತನ್ನ ಇಬ್ಬರು ಗಂಡುಮಕ್ಕಳಿಗೆ ಕ್ರಮದಂತೆಯೇ ಹೆಸರಿಟ್ಟಿದ್ದಳು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು, ಇನ್ನೂ ಟೈಗ್‌ಗೆ ಬಿಟ್ಟರೆ ಯಾರಿಗೂ ತಿಳಿಯದು. ಹೆಣ್ಣಾದರೆ ಗೊಬ್ನಿತ್.

ಇದು ಇವತ್ತು ನಿನ್ನೆಯ ಆಸೆಯಲ್ಲ. ಐಲೀಶ್ ಮೊದಲ ಹೆಣ್ಣಾಗಿದ್ದರಿಂದ ಅವಳಿಗೆ ಸಿಕ್ಕಿದ್ದು ಅಮ್ಮನ ಅಮ್ಮನ ಹೆಸರು. ಚಿಕ್ಕವಳಿದ್ದಾಗ ಗಂಟಲು ಕಟ್ಟಿ ಉಸಿರು ಎಳೆಯುತ್ತಿದ್ದ ದಿನಗಳಲ್ಲಿ ಅಮ್ಮ ಒಲೆಯ ಪಕ್ಕದ ಮೊಳೆಯಿಂದ ಒಂದು ಮಾಸಿದ ರಿಬ್ಬನ್ ತೆಗೆದು ಅವಳ ಕತ್ತಿಗೆ ಸುತ್ತುತ್ತಿದ್ದಳು. ಅದಕ್ಕೆ ಅವರು ಅಳತೆ ಎನ್ನುತ್ತಿದ್ದರು. ಸಂತಳ ಹಬ್ಬದ ದಿನ ಇಗರ್ಜಿಯಲ್ಲಿ ಅವಳ ಪುಟ್ಟ ಮರದ ಮೂರ್ತಿಯನ್ನು ಹೊರಗಿಟ್ಟಾಗ, ಅದರ ಉದ್ದಕ್ಕೆ ಅಳೆದು ತಂದ ರಿಬ್ಬನ್, ಕಾಯಿಲೆ ವಾಸಿಮಾಡುತ್ತದೆ ಎಂದು ನಂಬಿಕೆ. “ನನ್ಗ್ಯಾಕೆ ನಿನ್ ಹೆಸ್ರು ಇಡ್ಲಿಲ್ಲ?” ಎಂದು ಒಂದು ಸಲ ಐಲೀಶ್ ಕೀರಲು ದನಿಯಲ್ಲಿ ಕೇಳಿದ್ದಳು. “ನಿನ್ ಮಗಳಿಗೆ ಇಡುವೆಯಂತೆ,” ಅಮ್ಮ ಅಂದಿದ್ದಳು. “ಆಗ ಈ ಅಳತೇನೂ ಅವಳಿಗೇ.”

ಅಮ್ಮ ಅದನ್ನು ಮರೆತಿರಬಹುದು. ಐಲೀಶ್ ಮರೆತಿರಲಿಲ್ಲ.

ಭಾನುವಾರ ಅವಳು ಮಗುವನ್ನು ನೋಡಲು ತವರಿಗೆ ಹೋದಳು. ಒಲೆಯ ಪಕ್ಕದ ಕುರ್ಚಿಯಲ್ಲಿ, ಅಂದರೆ ಮದುವೆಯಾಗುವವರೆಗೂ ಐಲೀಶ್ ಕೂರುತ್ತಿದ್ದ ಕುರ್ಚಿಯಲ್ಲಿ, ಲೊರೇನ್ ಕಾಲು ಚಾಚಿ ಕೂತಿದ್ದಳು. ಮಗು ಐಲೀಶಳ ಅಮ್ಮನ ತೋಳಿನಲ್ಲಿತ್ತು.

“ಅಮ್ಮ, ಯಾರ್ ಬಂದ್ರು ನೋಡಿ!” ಎಂದಳು ಲೊರೇನ್. ಅವಳೂ ಈಗ ‘ಅಮ್ಮ’ ಎನ್ನಲು ಶುರುಮಾಡಿದ್ದಳು.

“ಬಾರೇ, ಕೈ ಬೆಚ್ಚಗೆ ಮಾಡ್ಕೊಂಡು ಎತ್ಕೋ,” ಎಂದಳು ತಾಯಿ. “ಹೆಸ್ರು ಕೇಳಿದ್ಯಾ?”

“ಮ್ಯಾಜ್ ಹೇಳಿದ್ಲು. ಅಂಗಡಿಯೋರಿಗೆ ಮೊದ್ಲು, ಮನೆಯೋರಿಗೆ ಆಮೇಲೆ.”

“ಫೋನ್ ಮಾಡಿದ್ನಲ್ಲೇ, ನೀನೆತ್ಲಿಲ್ಲ,” ಎಂದ ಹಿತ್ತಿಲಿಂದ ಬಂದ ಫಿನೀನ್, ಬೂಟು ಕಳಚುತ್ತ.

ಐಲೀಶ್ ಮಗುವನ್ನು ಎತ್ತಿಕೊಂಡಳು. ಚಂದದ ಮಗು. ಅದೇ ಇನ್ನಷ್ಟು ಉರಿಸಿತು. “ಲೊರೇನ್, ಮೊದಲ ಹೆಣ್ಣು ಅಂದ್ರೆ ನಿಮ್ಮಮ್ಮನ ಹೆಸರಾಗ್ಬೇಕಿತ್ತು ಅಲ್ವಾ? ಇಲ್ಲಿ ಪದ್ಧತಿ ಹಾಗೆ. ಪಾಪ, ನಿಂಗೆ ಯಾರೂ ಹೇಳಿರ್ಲಿಕ್ಕಿಲ್ಲ.”

“ಗೊತ್ತಪ್ಪ, ಫಿನೀನ್ ಹೇಳಿದಾನೆ. ನಮ್ಮಮ್ಮನ್ನ ಕೇಳೇ ಇಟ್ಟಿದ್ದು. ಫೋನಲ್ಲಿ ಹೆಸ್ರು ಹೇಳಿದ್ದೇ ತಡ, ಅತ್ತೇಬಿಟ್ಲು. ಮಾತೇ ಹೊರಡ್ಲಿಲ್ಲ ಅವಳಿಗೆ.”

ಅಳದೆ ಇನ್ನೇನು ಮಾಡ್ತಾಳೆ ಪಾಪ, ಎಂದುಕೊಂಡಳು ಐಲೀಶ್. ಬರ್ಮಿಂಗ್‌ಹ್ಯಾಮಿನ ಮದುವೆಯಲ್ಲಿ ಲೊರೇನಳ ತಾಯಿ ಡೆಬ್ಬಿಯನ್ನು ಅವಳು ಒಮ್ಮೆ ನೋಡಿದ್ದಳು: ತಾಮ್ರದ ಬಣ್ಣ ಹಚ್ಚಿದ ಕೂದಲು, ಕೆಂಪು ಉಗುರು, ಮಾತೆಲ್ಲ ಅಪ್ಪಟ ಇಂಗ್ಲಿಷ್ ಪೇಟೆಯ ಎಳೆತ. ಅವಳಿಗೂ ಅನ್ಯಾಯವಾಗಿದೆ. ಅತ್ತೆಯನ್ನು ಒಲಿಸಿಕೊಳ್ಳಲು ಹೆತ್ತವಳ ಹೆಸರನ್ನೇ ಪಕ್ಕಕ್ಕೆ ತಳ್ಳಿದಳಲ್ಲ ಈ ಹುಡುಗಿ!

“ಫೆಬ್ರವರಿಲಿ ಸಂತಳ ಹಬ್ಬಕ್ಕೆ ಡೆಬ್ಬಿ ಬರ್ತಾಳೆ, ಸೊಂಟದ ಆಪರೇಷನ್ ವಾಸಿಯಾದ್ರೆ,” ಎಂದಳು ತಾಯಿ. ಆಮೇಲೆ ಮೊಳೆಯತ್ತ ಗಲ್ಲ ತಿರುಗಿಸಿ, “ಆವತ್ತೇ ಆ ಅಳತೇನೂ ಇವಳಿಗೆ ಕೊಟ್ಬಿಡ್ತೀನಿ. ಹೆಸರಿನೋಳಿಗೆ ಸೇರ್ಬೇಕಾದ್ದು,” ಎಂದಳು.

ಐಲೀಶ್ ಮಗುವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಲೊರೇನಳ ಮಡಿಲಿಗೆ ಇಳಿಸಿದಳು.

ಮನೆಯಲ್ಲಿ ಟೈಗ್ ಆಲೂಗೆಡ್ಡೆ ಸಿಪ್ಪೆ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

“ಹೆಸರೇನು ಬಸ್ಸಿನ ಸೀಟಾ, ಒಬ್ರು ಕೂತ್ರೆ ಇನ್ನೊಬ್ರಿಗಿಲ್ಲ ಅನ್ನೋಕೆ? ನಾವೂ ಅದೇ ಇಟ್ರಾಯ್ತು.”

“ಅವರು ಉಂಡು ಬಿಟ್ಟಿದ್ದನ್ನ ನನ್ ಮಗಳಿಗೆ ಬಡಿಸ್ಲಾ?”

“ಇನ್ನೂ ಗಂಡೋ ಹೆಣ್ಣೋ ಗೊತ್ತಿಲ್ಲ ಮಾರಾಯ್ತಿ.”

“ಹೆಣ್ಣೇ.”

“ನಿಮ್ಮ ಪ್ರಯೋಗಾಲಯದಲ್ಲಿ ಹೀಗೇ ವರದಿ ಬರೀತೀರಾ?”

ಅವಳು ನಗಲಿಲ್ಲ. ಆ ಚಳಿಗಾಲವಿಡೀ ಅವಳು ತವರಿಗೆ ಹೋದಾಗಲೆಲ್ಲ ಮೊಳೆಯ ಮೇಲಿನ ರಿಬ್ಬನ್ನನ್ನೇ ನೋಡುತ್ತಿದ್ದಳು, ಇನ್ನೂ ಅಲ್ಲಿದೆಯೇ ಎಂದು. ಲೊರೇನ್ ಮಗುವಿಗೆ ಹಾಲೂಡಿಸುತ್ತ “ಗೊಬ್ನಿತ್, ಗೊಬ್ನಿತ್” ಎಂದು ಗುನುಗುವಾಗ, ಅವಳು ಅದನ್ನು ಸರಿಯಾಗಿಯೇ ಉಚ್ಚರಿಸುತ್ತಾಳೆ ಎಂಬುದೂ ಐಲೀಶ್‌ಗೆ ತಪ್ಪಾಗಿ ಕೇಳಿಸುತ್ತಿತ್ತು. ಇಂಗ್ಲೆಂಡಿನವಳ ನಾಲಿಗೆಗೆ ಅದು ಹೇಗೆ ಅಷ್ಟು ಸಲೀಸಾಗಿ ಹೊರಳುತ್ತದೆ? ಕನ್ನಡಿಯ ಮುಂದೆ ಅಭ್ಯಾಸ ಮಾಡಿರಬೇಕು. ಕ್ರಿಸ್‌ಮಸ್ ಹೊತ್ತಿಗೆ ಐಲೀಶಳ ಹೊಟ್ಟೆ ಎಲ್ಲರಿಗೂ ಕಂಡಿತು, ಎಲ್ಲರೂ ಸಂತೋಷಪಟ್ಟರು. ಏನು ಹೆಸರಿಡುತ್ತೀ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕಾದ್ದೇನಿದೆ, ಹೋಯಿತಲ್ಲ, ಎಂದು ಅವಳು ಅದಕ್ಕೆ ಅರ್ಥ ಹಚ್ಚಿಕೊಂಡಳು.

ಹಬ್ಬದ ದಿನ ಇಬ್ಬನಿ ಹೆಪ್ಪುಗಟ್ಟಿ ಬಯಲಿನ ಹುಲ್ಲು ಬೆಳ್ಳಗಾಗಿತ್ತು. ಡೆಬ್ಬಿ ಹಿಂದಿನ ದಿನವೇ ಬಂದಿದ್ದಳು, ಊರುಗೋಲು ಹಿಡಿದು, ಅದೇ ತಾಮ್ರದ ಕೂದಲಿನಲ್ಲಿ. “ಡೆಬ್ಬಿ ನನ್ ಕಾರಲ್ಲಿ ಬರ್ಲಿ,” ಎಂದು ಐಲೀಶ್ ಹೇಳಿದಾಗ ಫಿನೀನ್ ಹುಬ್ಬೇರಿಸಿದ. ಅವಳು ಲೆಕ್ಕ ಹಾಕಿಯೇ ಹೇಳಿದ್ದಳು. ಅನ್ಯಾಯವಾದವರು ಇಬ್ಬರು; ಇಬ್ಬರೂ ಸೇರಿದರೆ ಅಮ್ಮನ ಮುಂದೆ ಮಾತಿಗೆ ತೂಕ ಬರುತ್ತದೆ. ಅಳತೆಯಾದರೂ ಉಳಿಯಬಹುದು.

ಇಗರ್ಜಿಯ ಬಾಗಿಲಿನಿಂದ ಗೇಟಿನವರೆಗೂ ಸಾಲು. ಎಲ್ಲರ ಕೈಯಲ್ಲೂ ರಿಬ್ಬನ್ನಿನ ಸುರುಳಿ. ಅಮ್ಮ, ಲೊರೇನ್, ಮಗು ಮುಂದೆಲ್ಲೋ ಇದ್ದರು. ಐಲೀಶ್ ಡೆಬ್ಬಿಯ ತೋಳು ಹಿಡಿದು ನಿಂತು, ಸಮಯ ನೋಡಿ ಶುರುಮಾಡಿದಳು.

“ನಿಮ್ಗೆ ಬೇಜಾರಾಗ್ಲಿಲ್ವಾ?”

“ಯಾಕಮ್ಮಾ? ಸೊಂಟನಾ?”

“ಹೆಸರಿನ ವಿಷಯ. ಮೊದಲ ಹೆಣ್ಣು ಮೊಮ್ಮಗಳು. ನ್ಯಾಯವಾಗಿ ನಿಮ್ಮ ಹೆಸರಿಡ್ಬೇಕಿತ್ತು. ನೀವು ಅತ್ರಿ ಅಂತ ಲೊರೇನೇ ಹೇಳಿದ್ಲು. ನಾನಾಗಿದ್ರೂ ಅಳ್ತಿದ್ದೆ.”

ಡೆಬ್ಬಿ ಅವಳನ್ನೇ ನೋಡಿದಳು. “ನನ್ ಹೆಸರೇ ಇಟ್ಟಿದ್ದಾರಲ್ಲೇ.”

“ಅಂದ್ರೆ?”

“ಡೆಬ್ಬಿ ಅಂದ್ರೆ ಡೆಬೊರಾ. ಡೆಬೊರಾ ಅಂದ್ರೆ ನಿಮ್ಮೂರಲ್ಲಿ ಯಾರು? ನಮ್ಮಮ್ಮ ಈ ಗುಡ್ಡದ ಆಚೆಯೋಳು ಕಣೆ. ಆಸ್ಪತ್ರೇಲಿ ನೆಲ ಒರೆಸೋ ಕೆಲ್ಸಕ್ಕೆ ಅಂತ ಹಡಗು ಹತ್ತಿದ್ಲು. ನಾನು ಹುಟ್ಟಿದಾಗ ಗೊಬ್ನಿತ್ ಅಂತ ಇಡಿ ಅಂದ್ಲಂತೆ. ಅಲ್ಲಿಯ ಪಾದ್ರಿ, ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಅಂತ ಕೇಳಿದ್ರೆ, ಇಲ್ಲಿಯೋರು ಹೇಳೋದನ್ನೇ ಹೇಳಿದ್ಲು. ಬೀದೀಲಿ ಡೆಬ್ಬಿ, ಮನೇಲಿ ಗೊಬ್ನಿತ್.”

ಸಾಲು ಒಂದು ಹೆಜ್ಜೆ ಸರಿಯಿತು. ಡೆಬ್ಬಿ ಊರುಗೋಲನ್ನು ಮುಂದಿಟ್ಟಳು.

“ಅಮ್ಮ ಬೇಗ ತೀರ್ಕೊಂಡ್ಲು. ಅಪ್ಪ ಅಲ್ಲಿಯೋನೇ, ಅವನ ನಾಲಿಗೆಗೆ ಅದು ಹೊರಳ್ತಿರ್ಲಿಲ್ಲ. ಅವತ್ತಿಂದ ಮನೇಲೂ ಡೆಬ್ಬಿ. ನಿಮ್ಮ ಫಿನೀನ್ ಮೊದಲ್ನೇ ಸಲ ನಮ್ಮನೆಗೆ ಊಟಕ್ಕೆ ಬಂದು, ತಾಯಿ ಹೆಸ್ರು ಗೊಬ್ನಿತ್ ಅಂದಾಗ್ಲೇ ನಾನು ಲೊರೇನ್‌ಗೆ ಈ ಕಥೆ ಹೇಳಿದ್ದು. ಅವತ್ತು ಫೋನಲ್ಲಿ ಅವಳು ಮಗೂನ ಆ ಹೆಸರಲ್ಲಿ ಕರೆದ್ಲು ನೋಡು... ಒಂದು ಹೆಂಗಸಿನ ದನೀಲಿ ಆ ಹೆಸ್ರು ಕೇಳದೇ ಮುದುಕಿಯಾಗಿದ್ದೆ ನಾನು.” ಮೂಗು ಒರೆಸಿಕೊಂಡಳು. “ಅತ್ತಿದ್ದು ಹೌದು. ಬೇಜಾರಿಗಲ್ಲ.”

“ನಂಗೆ ಯಾರೂ ಹೇಳ್ಲಿಲ್ಲ,” ಎಂದಳು ಐಲೀಶ್.

“ಹೇಳೋದೇನು? ನಿಮ್ಮಮ್ಮಂಗೆ ನನ್ ಹೆಸ್ರು ಡೆಬೊರಾ ಅಂದ ತಕ್ಷಣ ಗೊತ್ತಾಯ್ತು. ‘ಓ, ನೀನೂನಾ’ ಅಂದ್ರು. ನೀನೂ ಈ ಊರೋಳೇ ಅಲ್ವಾ?”

ಎಷ್ಟು ಅರ್ಜಿಗಳ ಮೇಲೆ ತಾಯಿಯ ಹೆಸರೆಂದು ಐಲೀಶ್ ತಾನೇ ಡೆಬೊರಾ ಎಂದು ಬರೆದಿರಲಿಲ್ಲ! ಆದರೆ ಆ ಕೂದಲು, ಆ ಉಗುರು, ಆ ಎಳೆತ ಕಂಡ ಮೇಲೆ ಹೆಸರಿನ ಹಿಂದೆ ಇಣುಕಿ ನೋಡಲೇ ಇಲ್ಲ. ಹಾಲಿನ ಮಾದರಿಯ ಬಾಟಲಿ ಮಾತ್ರ ನೋಡಿ ವರದಿ ಬರೆದಿದ್ದಳು.

ಲೊರೇನ್ ಕ್ರಮ ತಪ್ಪಿರಲಿಲ್ಲ. ಮೊದಲ ಹೆಣ್ಣಿಗೆ ತಾಯಿಯ ತಾಯಿಯ ಹೆಸರು. ಐಲೀಶ್ ಇಡೀ ಚಳಿಗಾಲ ಮಡಿಲಲ್ಲಿ ಕಾಪಾಡಿಕೊಂಡು ಬಂದಿದ್ದ ನ್ಯಾಯ ಆ ಸಾಲಿನಲ್ಲಿ ಕೆಳಗೆ ಬಿದ್ದುಹೋಯಿತು. ವಿಚಿತ್ರವೆಂದರೆ, ನ್ಯಾಯ ಹೋದರೂ ಉರಿ ಹೋಗಲಿಲ್ಲ. ಇನ್ನೂ ಜಾಸ್ತಿಯಾಯಿತು. ಇಷ್ಟು ದಿನ ಅದಕ್ಕೊಂದು ಮರ್ಯಾದೆಯ ಹೆಸರಿತ್ತು. ಈಗ ಅದು ಬರೀ ಹೊಟ್ಟೆಕಿಚ್ಚು. ಅಮ್ಮ ಗೊಬ್ನಿತ್, ಮಗು ಗೊಬ್ನಿತ್, ತಾಮ್ರದ ಕೂದಲಿನ ಈ ಹೆಂಗಸೂ ಗೊಬ್ನಿತ್. ಹೊರಗುಳಿದವಳು ತಾನೊಬ್ಬಳೇ.

ಮೂರ್ತಿ ಮೇಜಿನ ಮೇಲೆ ಮಲಗಿತ್ತು, ಒಂದು ದೊಡ್ಡ ಬೊಂಬೆಯಷ್ಟು ಉದ್ದ, ಕಪ್ಪಾದ ಮರ. ಕೈಗಳು ಸವರಿ ಸವರಿ ಮುಖವೆಲ್ಲ ಸವೆದುಹೋಗಿತ್ತು. ಡೆಬ್ಬಿ ತನ್ನ ರಿಬ್ಬನ್ನನ್ನು ಮೂರ್ತಿಯ ತಲೆಯಿಂದ ಪಾದದವರೆಗೆ ಎಳೆದಳು, ಕತ್ತಿಗೆ ಸುತ್ತಿದಳು, ಸೊಂಟಕ್ಕೆ ಸುತ್ತಿದಳು, ಪಾದಕ್ಕೆ ಮುಟ್ಟಿಸಿದಳು. ಯಾರೂ ಹೇಳಿಕೊಡದೆ, ಅಮ್ಮ ಮಾಡುವಂತೆಯೇ. ಐಲೀಶ್ ಬಗ್ಗಲು ಹೋದರೆ ಹೊಟ್ಟೆ ಮೇಜಿಗೆ ತಾಗಿತು. ಕೈ ಪಾದದವರೆಗೆ ನಿಲುಕಲಿಲ್ಲ.

“ಆ ತುದಿ ಇಲ್ಲಿ ಕೊಡು,” ಎಂದಳು ಡೆಬ್ಬಿ. “ನೀನು ತಲೆ ಹತ್ರ ಹಿಡ್ಕೋ.” ಹೀಗೆ ಐಲೀಶಳ ನೀಲಿ ರಿಬ್ಬನ್ನಿಗೆ ಅಳತೆ ಹಿಡಿಯಲು ಇಬ್ಬರು ಬೇಕಾಯಿತು. ಹಿಂದಿನವರು ಬೇಗ, ಬೇಗ ಎಂದು ಗೊಣಗುತ್ತಿದ್ದರು.

ತವರಿಗೆ ಬಂದ ಮೇಲೆ, ಊಟಕ್ಕೆ ಮೊದಲು ಅಮ್ಮ ಮೊಳೆಯಿಂದ ಹಳೆಯ ಅಳತೆ ಇಳಿಸಿದಳು. ಲೊರೇನ್ ಕೈಯೊಡ್ಡಿದಳು. ಐಲೀಶ್‌ಗೆ ತಡೆಯಲಾಗಲಿಲ್ಲ.

“ಅಮ್ಮ, ಅದನ್ನ ಅರ್ಧ ಮಾಡು.”

“ಕತ್ತರಿಸಿದ್ರೆ ಅದು ಅಳತೆ ಆಗುತ್ತೇನೇ? ಚಿಂದಿ ಆಗುತ್ತೆ.”

“ನನ್ ಮಗಳಿಗೆ ಅಂತ ನೀನೇ ಹೇಳಿದ್ದೆ. ನಾನು ಚಿಕ್ಕೋಳಿದ್ದಾಗ.”

ಲೊರೇನ್ ಕೈ ಹಿಂದಕ್ಕೆ ಎಳೆದುಕೊಂಡಳು, ಮುಖ ಕೆಂಪಾಯಿತು. ಅಮ್ಮ ಏನೋ ಹುಡುಕುವವಳಂತೆ ಮಗಳನ್ನು ನೋಡಿದಳು. ನೆನಪಿತ್ತೋ ಇಲ್ಲವೋ, ಐಲೀಶ್‌ಗೆ ಕೊನೆಗೂ ತಿಳಿಯಲಿಲ್ಲ.

“ನಿನ್ ಹೊಸದನ್ನ ಇಲ್ಲಿ ತಾ,” ಎಂದಳು ಅಮ್ಮ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. ಹಳೆಯದು ಎರಡು ಬೆರಳಿನಷ್ಟು ಹೆಚ್ಚು ಉದ್ದವಿತ್ತು.

“ಹಳೇದು ತಪ್ಪು ಅಳತೆ,” ಐಲೀಶ್ ತಕ್ಷಣ ಅಂದಳು. ಅವಳ ಕೆಲಸವೇ ಅದು. “ಮೂರ್ತಿಗಿಂತ ಉದ್ದ.”

“ತಪ್ಪಲ್ಲ. ಎಳೆದೂ ಎಳೆದೂ ಹಿಗ್ಗಿದೆ. ನಿನ್ ಗಂಟಲಿಗೆ ಎಷ್ಟು ಸಲ ಸುತ್ತಿದೀನಿ, ಎಷ್ಟು ಒದ್ದಾಡ್ತಿದ್ದೆ ನೀನು! ಆ ಹೆಚ್ಚಿರೋದು ಇದ್ಯಲ್ಲ, ಅದೆಲ್ಲ ನಿಂದೇ.”

ಐಲೀಶ್ ಆ ಎರಡು ಬೆರಳಿನಷ್ಟು ರಿಬ್ಬನ್ನನ್ನು ಮುಟ್ಟಿ ನೋಡಿದಳು. ಮರುಕ್ಷಣವೇ, ಹಾಗಿದ್ದರೆ ತನ್ನ ಪಾಲಿನ ಎರಡು ಬೆರಳೂ ಲೊರೇನಳ ಮಗುವಿನ ಕತ್ತಿಗೆ ಹೋಗುತ್ತದಲ್ಲ ಎಂದು ಅನ್ನಿಸಿತು.

“ಇಟ್ಕೊ, ಐಲೀಶ್,” ಎಂದಳು ಲೊರೇನ್ ಮೆಲ್ಲಗೆ. “ನಂಗೆ ಗೊತ್ತಿರ್ಲಿಲ್ಲ.”

ಅದನ್ನು ತೆಗೆದುಕೊಳ್ಳುವುದು ಸುಲಭವಿತ್ತು. ಆದರೆ ಹೆಸರಿನೋಳಿಗೆ ಸೇರಬೇಕಾದ್ದು ಎಂಬ ಮಾತು ಎಲ್ಲರ ಮುಂದೆ ಆಗಿಹೋಗಿತ್ತು, ಮತ್ತು ಐಲೀಶ್ ಕ್ರಮ ಬಿಡುವವಳಲ್ಲ. “ಬೇಡ,” ಎಂದಳು. “ಅವಳದೇ.” ಹೇಳಿದ ದನಿಯಲ್ಲಿ ಮಾತ್ರ ಒಂದಿಷ್ಟೂ ಧಾರಾಳತನವಿರಲಿಲ್ಲ.

“ನಿಂಗೆ ಹೆಣ್ಣಾದ್ರೆ ಏನಿಡ್ತೀಯೇ?” ಅಮ್ಮ ಕೇಳಿದಳು. ಅಷ್ಟು ತಿಂಗಳಲ್ಲಿ ಮೊದಲ ಸಲ.

“ಹೆಸರು ಹೋಯ್ತಲ್ಲ.”

“ಎಲ್ಲಿಗೆ ಹೋಯ್ತು? ನಾನು ಶಾಲೇಲಿದ್ದಾಗ ನಮ್ಮ ಬೆಂಚಿಡೀ ಗೊಬ್ನಿತ್‌ಗಳೇ. ಮೇಷ್ಟ್ರು ಒಬ್ಬಳನ್ನ ಬೈದ್ರೆ ಎಲ್ರೂ ಅಳ್ತಿದ್ವಿ.”

ಟೈಗ್ ಗಂಭೀರವಾಗಿ ಛಾವಣಿ ನೋಡುತ್ತಿದ್ದ. ಬಸ್ಸಿನ ಸೀಟಿನ ಮಾತು ಎತ್ತಲಿಲ್ಲ. ಆ ಮಟ್ಟಿಗೆ ಜಾಣ.

ಮೇ ತಿಂಗಳಲ್ಲಿ ಹೆಣ್ಣೇ ಹುಟ್ಟಿತು. ಗಟ್ಟಿ ಮಗು, ದಾದಿಯರು ತೂಕ ನೋಡಿ ಶಿಳ್ಳೆ ಹಾಕಿದರು. ಲೊರೇನಳ ಮಗು ಹುಟ್ಟಿದಾಗ ಇಷ್ಟಿರಲಿಲ್ಲ ಎಂಬುದನ್ನು ಐಲೀಶ್ ಮೊದಲ ದಿನವೇ ವಿಚಾರಿಸಿ ತಿಳಿದುಕೊಂಡಳು. ಗೊಬ್ನಿತ್ ಎಂದು ಹೆಸರಿಟ್ಟಳು. ಇಂಗ್ಲಿಷಿನಲ್ಲಿ ಏನು ಎಂದು ಯಾರೂ ಕೇಳಲಿಲ್ಲ; ಅಷ್ಟರಲ್ಲಿ ಆ ಕಾಲ ಮುಗಿದಿತ್ತು. ಪ್ರಯೋಗಾಲಯದಲ್ಲಿ ಸಿಟಿಯ ಹುಡುಗಿಯೊಬ್ಬಳು ಮಾತ್ರ, “ಅಯ್ಯೋ, ನಿಜವಾಗ್ಲೂ?” ಎಂದಳು.

ಮ್ಯಾಜ್ ಅಂಗಡಿಯಲ್ಲಿ ಮಗುವನ್ನು ಎತ್ತಿ ನೋಡಿದಳು. “ಹಂಗಾದ್ರೆ ಅದು ದೊಡ್ಡ ಗೊಬ್ನಿತ್, ಇದು ಸಣ್ಣ ಗೊಬ್ನಿತ್!”

“ಇವಳ್ದೇ ತೂಕ ಜಾಸ್ತಿ,” ಎಂದಳು ಐಲೀಶ್.

“ಇರ್ಬೋದು ಕಣೆ. ಆದ್ರೂ ಇದೇ ಸಣ್ಣದು.”

ಆ ಮಾತು ಅಂಟಿಕೊಂಡಿತು. ಸಣ್ಣ ಗೊಬ್ನಿತ್ ಮೊದಲು ನಡೆದಳು, ಮೊದಲು ಹಲ್ಲು ಬಿದ್ದದ್ದೂ ಅವಳಿಗೇ, ಶಾಲೆಗೆ ಸೇರುವ ಹೊತ್ತಿಗೆ ದೊಡ್ಡ ಗೊಬ್ನಿತ್‌ಗಿಂತ ಒಂದು ಗೇಣು ಎತ್ತರವಾದಳು. ಊರಿಗೆ ಅವಳು ಸಣ್ಣವಳೇ.

ಒಂದು ಬೇಸಿಗೆಯ ಸಂಜೆ ಐಲೀಶ್ ತವರಿನ ಬಾಗಿಲಲ್ಲಿ ನಿಂತು ಮಗಳನ್ನು ಊಟಕ್ಕೆ ಕರೆದಳು. ಅಂಗಳದಲ್ಲಿ ಅಮ್ಮ ಬಟ್ಟೆ ತೆಗೆಯುತ್ತಿದ್ದಳು, ರಜೆಗೆ ಬಂದಿದ್ದ ಡೆಬ್ಬಿ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದಳು, ಹುಡುಗಿಯರಿಬ್ಬರೂ ಗೋಡೆ ಹತ್ತುತ್ತಿದ್ದರು.

“ಗೊಬ್ನಿತ್!”

ಎಲ್ಲರಿಗಿಂತ ಮೊದಲು ತಿರುಗಿದವಳು ಡೆಬ್ಬಿ. ತಿರುಗಿ, ತನ್ನನ್ನಲ್ಲವೆಂದು ಗೊತ್ತಾಗಿಯೂ, ಹಾಗೇ ಮುಖವೆತ್ತಿ ಕೂತಳು, ಇನ್ನೊಮ್ಮೆ ಕರೆಯಲಿ ಎಂಬಂತೆ.

“ಯಾರನ್ನೇ ಕರೀತಿರೋದು?” ಅಮ್ಮ ಕೇಳಿದಳು, ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡೇ. “ದೊಡ್ಡೋಳನ್ನೋ, ಸಣ್ಣೋಳನ್ನೋ?”

ಐಲೀಶ್ ಗೋಡೆಯತ್ತ ನೋಡಿದಳು. ಎತ್ತರದವಳು ಬಗ್ಗಿ ಗಿಡ್ಡವಳ ಕೈ ಹಿಡಿದು ಮೇಲಕ್ಕೆಳೆಯುತ್ತಿದ್ದಳು. ಗಿಡ್ಡವಳಿಗೆ ಆ ವಾರ ಕೆಮ್ಮು. ಕತ್ತಿನಲ್ಲಿ ಹಳೆಯ ಅಳತೆ, ತುದಿ ಗಾಳಿಯಲ್ಲಿ ಹಾರುತ್ತಿತ್ತು.

“ನನ್ನೋಳನ್ನ,” ಎಂದಳು. ಮತ್ತೆ ಬಾಯಿತುಂಬ, ಇನ್ನೂ ಜೋರಾಗಿ ಕೂಗಿದಳು.